ಹತ್ತಿರದ ಸಂಬಂಧಿ

9 ಫೆಬ್ರವರಿ

ದಾಖಲೆ ವಿಭಾಗದವರಿಗೆ,

ನಾಲ್ಕು ವರ್ಷದ ಹಿಂದೆ ನಿಮ್ಮ ಆಸ್ಪತ್ರೆಯಲ್ಲಿ ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಆರು ಸುತ್ತು ಕೀಮೋ ತೆಗೆದುಕೊಂಡ ಹೆಂಗಸು ನಾನು. ಮರುತಪಾಸಣೆಗೆ ಬನ್ನಿ ಎಂದು ನಿಮ್ಮಿಂದ ಹಳದಿ ಕಾರ್ಡು ಬರುತ್ತಿತ್ತು, ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಕಾರ್ಡು ಬಂದಾಗಲೆಲ್ಲ ಬಂದಿದ್ದೇನೆ, ಒಟ್ಟು ಒಂಬತ್ತು ಸಲ. ಈಗ ಹದಿನಾಲ್ಕು ತಿಂಗಳಿಂದ ಕಾರ್ಡಿಲ್ಲ. ಇಷ್ಟು ಕಾಲ ಉಳಿದವರನ್ನು ಇನ್ನು ಕರೆಯುವುದು ಬೇಡ ಎಂಬ ನಿಯಮವೇನಾದರೂ ಇದೆಯೇ? ಇದ್ದರೆ ಸಂತೋಷ, ತಿಳಿಸಿ.

ವಿಳಾಸ ಬದಲಾಗಿದೆ. ಮಹಡಿಯ ಕೋಣೆ ಬಿಟ್ಟು, ಎದುರು ಸಾಲಿನಲ್ಲಿ ನೆಲಮಟ್ಟದ ಒಂದು ಕೋಣೆಗೆ ಬಂದಿದ್ದೇನೆ. ಬೈಂಡಿಂಗ್ ಕೆಲಸ ಮುಂದೆ, ಮಂಚ ಹಿಂದೆ. ರಟ್ಟಿನ ಹೊರೆ ಹೊತ್ತು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ಕೇಳಲು ಕಾರಣ: ಸ್ಕರ್ಟಿನ ಗುಂಡಿಯನ್ನು ಎರಡು ಸಲ ಜರುಗಿಸಿ ಹೊಲಿದಿದ್ದೇನೆ. ಊಟ ಕಡಿಮೆಯಾಗಿದೆ, ಹೊಟ್ಟೆ ಜಾಸ್ತಿಯಾಗಿದೆ. ಐವತ್ತನಾಲ್ಕರಲ್ಲಿ ಅದು ಬರೀ ಬೊಜ್ಜೂ ಇರಬಹುದು.

ಇಂತಿ,
ರಿಜಿಸ್ಟರ್ ನಂಬರ್ 2117

ಚೀಟಿ, ತಂಗೀ, ಈ ಕಾಗದ ನಿನ್ನ ಮೇಜಿಗೇ ಬರುತ್ತದೆಂದು ಗೊತ್ತು. ನಿನಗೆ ಬರೆಯುವುದಿಲ್ಲ ಎಂದು ಹೇಳಿ ಹೋದವಳು ನಾನು. ಆ ಮಾತು ಮುರಿದಿಲ್ಲ. ಇದು ಆಫೀಸಿಗೆ ಬರೆದದ್ದು.
ಅಕ್ಕ


13 ಫೆಬ್ರವರಿ

ಅಕ್ಕ,

ಆಫೀಸಿನ ಉತ್ತರ ಬೇರೆ ಲಕೋಟೆಯಲ್ಲಿ ಬರುತ್ತದೆ. ಅದರಲ್ಲಿ ನಿನ್ನನ್ನು ತಾವು ಎಂದು ಕರೆದಿದ್ದೇನೆ, ನಗಬೇಡ. ಅಂಥ ನಿಯಮವೇನೂ ಇಲ್ಲ. ಜೂನ್ ತಿಂಗಳ ಕಾರ್ಡು ‘ಈ ವಿಳಾಸದಲ್ಲಿಲ್ಲ’ ಎಂಬ ಮೊಹರು ಹೊತ್ತು ವಾಪಸ್ ಬಂದಿತ್ತು. ನೀನು ಬೀದಿ ದಾಟಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ನೀನು ಬೊಜ್ಜು ಎಂದು ಕರೆಯುತ್ತಿರುವುದು ಎರಡನೆಯ ಸಲ. ಮೊದಲ ಸಲ ಹಾಗೆ ಕರೆದುಕೊಂಡು ನಾಲ್ಕು ತಿಂಗಳು ಕಳೆದೆ, ಡಾಕ್ಟರ ಹತ್ತಿರ ಬರುವಷ್ಟರಲ್ಲಿ ಮೂರನೆಯ ಹಂತವಾಗಿತ್ತು. ಈ ಸೋಮವಾರವೇ ಬಾ. ನಿನಗೆ ಆಪರೇಷನ್ ಮಾಡಿದ ಡಾಕ್ಟರೇ ಇದ್ದಾರೆ. ಹೇಳಿಟ್ಟಿದ್ದೇನೆ.

ಕೊನೆಯ ಡ್ರಿಪ್ ಮುಗಿದ ದಿನ ನಾನು ಹಾಗೆ ಹೇಳಬಾರದಿತ್ತು. ಅಂಗಡಿ ಮಾರಿಬಿಡು, ನನ್ನ ಜೊತೆಗೇ ಇದ್ದುಬಿಡು, ಇನ್ನು ಎಷ್ಟು ದಿನವೋ ಏನೋ ಎಂದೆ. ನೀನು ‘ಎಷ್ಟು ದಿನವೋ’ ಎಂಬುದನ್ನಷ್ಟೇ ಹಿಡಿದುಕೊಂಡೆ. “ನಾನೇನು ನಿನ್ನ ರಿಜಿಸ್ಟರಿನ ಕೇಸಾ? ಆಸ್ಪತ್ರೆ ಕರೆದ್ರೆ ಬರ್ತೀನಿ. ನೀನು ಕರೀಬೇಡ. ಕಾಗದಾನೂ ಹಾಕಬೇಡ, ನಾನೂ ಹಾಕಲ್ಲ” ಎಂದು ಚೀಲ ಎತ್ತಿಕೊಂಡು ಹೊರಟೆ. ಆರು ತಿಂಗಳು ನನ್ನ ಮಂಚದಲ್ಲಿ ಮಲಗಿದ್ದವಳು, ಹಾಸಿಗೆ ಮಡಚಿಟ್ಟ ರೀತಿಯಲ್ಲೇ ನಿನ್ನ ಸಿಟ್ಟು ಕಾಣುತ್ತಿತ್ತು. ಹೇಳಿದ ಮಾತು ಕೇಳುವುದು ನನಗೆ ಎಂದೂ ಒಗ್ಗಿದ್ದಲ್ಲ. ಅದೊಂದನ್ನು ಮಾತ್ರ ಪಾಲಿಸಿದೆ.

ನನ್ನ ಮೇಜು ಇರುವುದು ನೆಲದಡಿಯ ಕೋಣೆಯಲ್ಲಿ ಎಂದು ನಿನಗೆ ಗೊತ್ತು. ಸೂರಿಗೆ ತಾಗಿದ ಕಿಟಕಿಯಲ್ಲಿ ಹೊರಗೆ ನಡೆಯುವವರ ಕಾಲು ಮಾತ್ರ ಕಾಣುತ್ತದೆ. ನೀನು ಬಂದ ಒಂಬತ್ತು ಸಲದಲ್ಲಿ ಆರು ಸಲ ನಿನ್ನ ಕಾಲನ್ನು ನೋಡಿದ್ದೇನೆ. ಎಡಗಡೆಯ ಹಿಮ್ಮಡಿ ಸವೆದ ಕಂದು ಶೂ. ಒಂದು ಸಲ ಅವು ಕಿಟಕಿಯ ಎದುರಿಗೇ ನಿಂತವು, ಒಂದು ನಿಮಿಷವಿರಬಹುದು. ನಾನು ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಹೊರಟುಬಿಡುತ್ತವೆ ಎಂದು. ಏಳದಿದ್ದರೂ ಹೊರಟವು.

ಬರುತ್ತೇನೆ ಎಂದು ಒಂದೇ ಪದ ಬರೆ. ಗೇಟಿನ ಹತ್ತಿರ ನಿಂತಿರುತ್ತೇನೆ. ಅಥವಾ ಬೇಡ ಎಂದರೆ ನಿಲ್ಲುವುದಿಲ್ಲ.

ನಿನ್ನ
ಚೀಟಿ


2 ಮಾರ್ಚ್

ಚೀಟಿ,

ಸೋಮವಾರ ಬರಲಿಲ್ಲ. ನೀನು ಗೇಟಿನ ಹತ್ತಿರ ನಿಂತಿದ್ದೆ ಎಂದು ಊಹಿಸಬಲ್ಲೆ, ಅದಕ್ಕೇ ಬರಲಿಲ್ಲ ಎಂದುಕೊಳ್ಳಬೇಡ. ಎಂಟು ಗಂಟೆ ಕಾಲ ಬಸ್ಸಿನಲ್ಲಿ ಕೂರುವಂತಿಲ್ಲ. ಇಲ್ಲಿಯ ಆಸ್ಪತ್ರೆಯಲ್ಲೇ ಸ್ಕ್ಯಾನ್ ಆಯಿತು. ಸ್ಕ್ಯಾನ್ ಮಾಡುವ ಹುಡುಗಿ ಬಾಯಿಬಡುಕಿ. ನನ್ನ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸುರಿಯುತ್ತ ಅವಳ ಅತ್ತೆಯ ಕಥೆ ಶುರುಮಾಡಿದಳು. ಅತ್ತೆ ಸೊಸೆಯ ಚಿನ್ನದ ಸರ ಎಲ್ಲಿಟ್ಟಿದ್ದಾಳೆಂದು ಹೇಳುವ ಹೊತ್ತಿಗೆ ಸುಮ್ಮನಾದಳು. ಪರದೆಯನ್ನೇ ನೋಡುತ್ತ ಕೂತಳು. “ಸರ ಸಿಕ್ಕಿತಾ?” ಎಂದು ಕೇಳಿದೆ. “ಯಾವ ಸರ ಮೇಡಂ?” ಎಂದಳು. ನನಗೆ ಆಗಲೇ ಗೊತ್ತಾಯಿತು.

ನೀರು ತುಂಬಿದೆ. ಎರಡು ಗಂಟು, ಒಂದು ಹೊಟ್ಟೆಯೊಳಗಿನ ಪೊರೆಯ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಈ ಕ್ಯಾನ್ಸರಿಗೆಂದು ರಕ್ತದಲ್ಲಿ ನೋಡುವ ಆ ಅಂಕಿ, ಮೂವತ್ತೈದರೊಳಗಿರಬೇಕಾದದ್ದು, ಆರುನೂರರ ಹತ್ತಿರ. ನೀನು ಇದನ್ನೆಲ್ಲ ನನಗಿಂತ ಚೆನ್ನಾಗಿ ಓದಬಲ್ಲೆ.

ಇನ್ನೊಂದು ವಿಷಯ. ಆ ಆರು ಸುತ್ತಿನ ನಂತರ ಬೆರಳ ತುದಿಗಳು ಸತ್ತುಹೋಗಿದ್ದವಲ್ಲ, ಎರಡು ವರ್ಷ ಹಾಗೇ ಇದ್ದವು. ದಬ್ಬಳ ಚುಚ್ಚಿಕೊಂಡರೂ ಕಾಗದದ ಮೇಲೆ ಕೆಂಪು ಕಂಡ ಮೇಲೇ ತಿಳಿಯುತ್ತಿತ್ತು. ಕಳೆದ ವರ್ಷ ಮೆಲ್ಲಗೆ ಬಂದವು. ಒಂದು ಬೆಳಿಗ್ಗೆ ಕಾಗದ ಮಡಚುತ್ತಿದ್ದೆ, ಅದರ ಎಳೆ ಯಾವ ದಿಕ್ಕಿಗಿದೆ ಎಂದು ಕಣ್ಣಲ್ಲಿ ನೋಡದೆ ಬೆರಳಿಗೆ ತಿಳಿದುಬಿಟ್ಟಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಎದುರಿಗಿದ್ದ ಗಿರಾಕಿಗೆ ಹೇಳಿದೆ. ಅವನು “ಹಾಗಾದ್ರೆ ಶನಿವಾರ ಕೊಡ್ತೀರಾ?” ಎಂದ. ಆಮೇಲೆ ಶಾಲೆಯೊಂದರ ಗ್ರಂಥಾಲಯದವರು ನೂರಾ ಎಂಬತ್ತು ಹರಿದ ಪುಸ್ತಕ ತಂದು ಹಾಕಿದರು. ಎಲ್ಲವನ್ನೂ ಬಿಚ್ಚಿ, ಹೊಲಿದು, ಬೆನ್ನು ಕಟ್ಟಿದೆ. ಆ ವರ್ಷ ನನ್ನ ಜೀವನದ ಒಳ್ಳೆಯ ವರ್ಷಗಳಲ್ಲಿ ಒಂದು. ಮತ್ತೆ ಅದೇ ಔಷಧಿ ಎಂದರೆ ಬೆರಳು ಮತ್ತೆ ಹೋಗುತ್ತದೆ.

ನಿನ್ನ ಕೋಣೆಯಲ್ಲಿ ನನ್ನಂಥ ಹೆಂಗಸರೆಲ್ಲ ಸಾಲಾಗಿ ನಿಂತಿದ್ದೀವಲ್ಲ. ಹೇಳು, ನನ್ನ ಜೊತೆ ಅದೇ ವರ್ಷ ಬಂದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನಿಮ್ಮಲ್ಲಿ ಸಾವಿರದ ಕಾಲಂ ಇದೆಯಾ? ಸವರಿ ಹೇಳಬೇಡ. ಸವರಿದ್ದು ನನಗೆ ತಿಳಿಯುತ್ತದೆ.

ಮತ್ತೆ, ಕಾರ್ಡು ವಾಪಸ್ ಬಂದರೆ ಸುಮ್ಮನೆ ಬಿಟ್ಟುಬಿಡುತ್ತೀರಾ? ಹುಡುಕುವ ಪದ್ಧತಿ ಇಲ್ಲವೇ? ತಪ್ಪು ಹುಡುಕುತ್ತಿಲ್ಲ. ಜೂನಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚನೆ ಬಂತು, ಅಷ್ಟೇ.

ಅಕ್ಕ


11 ಮಾರ್ಚ್

ಅಕ್ಕ,

ಸವರದೆ ಹೇಳುತ್ತೇನೆ.

ಆ ವರ್ಷ ಮೂರನೆಯ ಹಂತದಲ್ಲಿ ನಮ್ಮಲ್ಲಿಗೆ ಬಂದವರು ನಲವತ್ತಾರು ಜನ. ಇಪ್ಪತ್ತನಾಲ್ಕು ಜನ ಈಗ ಇಲ್ಲ. ಮೂವರ ಸಂಪರ್ಕ ತಪ್ಪಿದೆ. ಹತ್ತೊಂಬತ್ತು ಜನ ಇದ್ದಾರೆ. ಈ ಹತ್ತೊಂಬತ್ತರಲ್ಲಿ ಎಂಟು ಜನರಿಗೆ ಕಾಯಿಲೆ ಮರುಕಳಿಸಿ, ಮತ್ತೆ ಔಷಧಿ ತೆಗೆದುಕೊಂಡು ಬದುಕುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಮೂರು ಸಲ ಮರುಕಳಿಸಿದೆ. ಅವರು ಟೈಪಿಂಗ್ ಕಲಿಸುತ್ತಾರೆ, ಡ್ರಿಪ್ ಹಾಕಿಸಿಕೊಂಡ ಮಾರನೆಯ ದಿನವೇ ಕ್ಲಾಸಿಗೆ ಹೋಗಿ ಮಕ್ಕಳನ್ನು ಬೈಯುತ್ತಾರಂತೆ. ಉಳಿದ ಹನ್ನೊಂದು ಜನರ ಮುಂದೆ ‘ಕ್ಷೇಮ, ಕಾಯಿಲೆ ಇಲ್ಲ’ ಎಂದಿದೆ.

ಆ ಹನ್ನೊಂದರಲ್ಲಿ ಒಬ್ಬಳು ನೀನು.

ಹುಡುಕುವ ಪದ್ಧತಿ ಇದೆ. ಕಾರ್ಡು ವಾಪಸ್ ಬಂದರೆ ಕೇಸ್ ಪುಸ್ತಕದಲ್ಲಿ ಹತ್ತಿರದ ಸಂಬಂಧಿ ಯಾರೆಂದು ನೋಡಿ ಅವರನ್ನು ಕೇಳಬೇಕು. ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಅವರಿಗೂ ಗೊತ್ತಿಲ್ಲದಿದ್ದರೆ ಊರಿನ ಅಂಚೆ ಕಚೇರಿಗೆ, ಅಲ್ಲೂ ಸಿಗದಿದ್ದರೆ ಅಕ್ಕಪಕ್ಕದವರಿಗೆ. ಮೂರೂ ಆಗದಿದ್ದರೆ ಮಾತ್ರ ‘ಸಂಪರ್ಕ ತಪ್ಪಿದೆ’. ಈ ಕೆಲಸವನ್ನು ಹದಿನೇಳು ವರ್ಷದಿಂದ ಮಾಡುತ್ತಿದ್ದೇನೆ. ಕಾಣೆಯಾದ ಹೆಂಗಸರನ್ನು ಪತ್ತೆಮಾಡುವುದರಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಎಂದು ಮುಖ್ಯಸ್ಥೆ ಹೇಳುತ್ತಾರೆ.

ಜೂನಿನಲ್ಲಿ ನಿನ್ನ ಕಾರ್ಡು ವಾಪಸ್ ಬಂದ ದಿನ ನಿನ್ನ ಪುಸ್ತಕ ತೆಗೆದೆ. ಹತ್ತಿರದ ಸಂಬಂಧಿ: ತಂಗಿ. ವಿಳಾಸ: ನನ್ನದು. ನಿನ್ನ ಕೈಗೆ ಸೂಜಿ ಚುಚ್ಚಿದ್ದರಿಂದ ಅಡ್ಮಿಷನ್ ದಿನ ಅದನ್ನು ತುಂಬಿದವಳೂ ನಾನೇ.

ನಾನು ನನ್ನನ್ನು ಕೇಳಬೇಕಾಗಿತ್ತು. ಮೇಜಿನ ಮುಂದೆ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದೆ. ಗೊತ್ತಿಲ್ಲ ಎಂದರೆ ಅಂಚೆ ಕಚೇರಿಗೆ ಬರೆಯಬೇಕು. ನೀನು ಬರೆಯಬೇಡ ಎಂದಿದ್ದೆ. ಅದು ಒಂದು ಕಾರಣ, ನಾನು ಬಹಳ ದಿನ ನಂಬಿಕೊಂಡಿದ್ದ ಕಾರಣ. ನಿಜ ಬೇರೆ. ಬರೆದರೆ ಅಲ್ಲಿಂದ ಉತ್ತರ ಬರುತ್ತದೆ. ಯಾವ ಉತ್ತರ ಬರಬಹುದೆಂದು ಹದಿನೇಳು ವರ್ಷದಿಂದ ಗೊತ್ತಿದ್ದವಳು ನಾನು. ವಾಪಸ್ ಬಂದ ಕಾರ್ಡುಗಳಲ್ಲಿ ಬಹುಪಾಲು ಮನೆ ಬದಲಾಯಿಸಿದವರದಲ್ಲ.

ಸಂಬಂಧಿಯ ಹೇಳಿಕೆ ಎಂಬ ಕಾಲಂನಲ್ಲಿ ‘ಕ್ಷೇಮವಾಗಿದ್ದಾರೆ’ ಎಂದು ಬರೆದೆ. ತಾರೀಖು ಹಾಕಿದೆ. ಸಹಿ ಮಾಡಿದೆ, ಹೇಳಿದವರು ಎಂಬಲ್ಲೂ ಕೇಳಿದವರು ಎಂಬಲ್ಲೂ. ಹಾಗೆ ಬರೆದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೂರು ವರ್ಷ ದಾಟಿ ಕ್ಷೇಮವಿರುವವರಿಗೆ ಮುಂದಿನ ಕಾರ್ಡು ಒಂದು ವರ್ಷದ ನಂತರ. ನಿನ್ನನ್ನು ಯಾರೂ ಹುಡುಕಲಿಲ್ಲ. ನೀನು ಹುಡುಕಬೇಕಾದವರ ಪಟ್ಟಿಯಲ್ಲೇ ಇರಲಿಲ್ಲ.

ನೀನು ಕಾರ್ಡಿಗಾಗಿ ಕಾಯುತ್ತಿದ್ದೆ ಎಂದು ಮೊದಲ ಕಾಗದದಲ್ಲೇ ಓದಿದೆ. ಆಗಲೇ ಹೇಳಬೇಕಿತ್ತು. ಮೊಹರಿನ ಕಥೆ ಹೇಳಿ ನಿಲ್ಲಿಸಿದೆ. ಸುಳ್ಳು ಹೇಳಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ದೊಡ್ಡ ಡಾಕ್ಟರನ್ನು ಕೇಳಿದೆ, ನಿನ್ನ ಬೆರಳಿನ ವಿಷಯ. ಮೊದಲ ಔಷಧಿ ಮುಗಿದು ಇಷ್ಟು ದೀರ್ಘ ಕಾಲ ಕಳೆದಿರುವುದರಿಂದ ಆಗಿನ ಎರಡು ಔಷಧಿಗಳಲ್ಲಿ ಮುಖ್ಯವಾದದ್ದು ಮತ್ತೆ ಕೆಲಸ ಮಾಡುವ ಸಂಭವ ಚೆನ್ನಾಗಿದೆಯಂತೆ. ಬೆರಳನ್ನು ಕೊಲ್ಲುವುದು ಹೆಚ್ಚಾಗಿ ಅದರ ಜೊತೆಯದು. ಅದರ ಬದಲು ಬೆರಳಿಗೆ ಅಷ್ಟು ಕಾಟ ಕೊಡದ ಇನ್ನೊಂದನ್ನು ಜೋಡಿಸಬಹುದು. ಅಲ್ಲಿಯ ಡಾಕ್ಟರನ್ನು ಇದನ್ನೇ ಕೇಳು. ಪುಸ್ತಕ ಹೊಲಿಯುವವಳು ಎಂದು ಹೇಳು. ನೀನಾಗಿ ಹೇಳದಿದ್ದರೆ ಅವರು ಕೇಳುವುದಿಲ್ಲ.

ಔಷಧಿ ಬೇಡ ಎಂದು ಮಾತ್ರ ನಿರ್ಧರಿಸಬೇಡ. ನನ್ನ ಮೇಲಿನ ಸಿಟ್ಟಿಗೆ ಅದನ್ನು ಮಾಡಬೇಡ.

ಚೀಟಿ


20 ಏಪ್ರಿಲ್

ಅಕ್ಕ,

ಐದು ವಾರ ಮೀರಿತು. ಟಪಾಲಿನವನು ಈಗ ನನ್ನ ಮೇಜಿನ ಹತ್ತಿರ ಬರುವ ಮೊದಲೇ ತಲೆಯಾಡಿಸಿಬಿಡುತ್ತಾನೆ.

ಮುಖ್ಯಸ್ಥೆಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇನ್ನು ಎಷ್ಟು ಜನಕ್ಕೆ ಹೀಗೆ ಬರೆದಿದ್ದೀಯಮ್ಮ?” ಎಂದರು. ಯಾರಿಗೂ ಇಲ್ಲ ಎಂದೆ. ನಂಬಿದರು. ನಂಬಿದ್ದೇ ಕಷ್ಟವಾಯಿತು. ನಿನ್ನ ಹಾಳೆಯಲ್ಲಿ ಆ ಸಾಲಿಗೆ ಕೆಂಪು ಗೆರೆ ಎಳೆದು ಅಂಚಿನಲ್ಲಿ ಕಾರಣ ಬರೆಯಿಸಿದರು. ನನ್ನನ್ನು ಕಾರ್ಡು ಕಳಿಸುವ ಕೆಲಸದಿಂದ ತೆಗೆದು ಹಳೆಯ ಪುಸ್ತಕಗಳ ಕಪಾಟಿಗೆ ಹಾಕಿದ್ದಾರೆ. ಶಿಕ್ಷೆ ಎಂದು ಅವರು ಹೇಳಲಿಲ್ಲ. ಇಲ್ಲಿ ಕಿಟಕಿ ಇಲ್ಲ.

ಹನ್ನೊಂದು ಹತ್ತಾಯಿತು. ಎಂಟು ಒಂಬತ್ತಾಯಿತು. ಹತ್ತೊಂಬತ್ತು ಹಾಗೇ ಇದೆ. ಅದನ್ನು ಆಗಾಗ ಹೇಳಿಕೊಳ್ಳುತ್ತೇನೆ, ಹತ್ತೊಂಬತ್ತು ಹಾಗೇ ಇದೆ ಎಂದು.

ಇನ್ನೊಂದು ಮಾತಿದೆ. ಹೇಳಲೋ ಬೇಡವೋ ಎಂದು ಎರಡು ಕಾಗದ ಹರಿದು ಹಾಕಿದೆ. ಜೂನಿನಲ್ಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನೀನು ಕೇಳಿದ್ದೆ. ದೊಡ್ಡ ಡಾಕ್ಟರನ್ನು ಕೇಳಿದೆ. ಒಂದು ದೊಡ್ಡ ಅಧ್ಯಯನ ಆಗಿದೆಯಂತೆ. ಮೊದಲ ಚಿಕಿತ್ಸೆ ಮುಗಿಸಿದ ಹೆಂಗಸರಲ್ಲಿ ರಕ್ತದ ಅಂಕಿ ಏರಿದ ಕೂಡಲೇ ಔಷಧಿ ಶುರುಮಾಡಿದವರು ಒಂದು ಕಡೆ, ಅಂಕಿ ಏರಿದ್ದರೂ ತೊಂದರೆ ಕಾಣಿಸಿಕೊಳ್ಳುವವರೆಗೆ ಕಾದವರು ಇನ್ನೊಂದು ಕಡೆ. ಮೊದಲೇ ಶುರುಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ. ಔಷಧಿಯ ಸಂಕಟವನ್ನು ಮಾತ್ರ ಕೆಲವು ತಿಂಗಳು ಮೊದಲೇ ಅನುಭವಿಸಿದರು. “ಆದರೆ ಇದು ಗುಂಪಿನ ಮಾತು. ನಿಮ್ಮ ಅಕ್ಕನಿಗೆ ಏನಾಗುತ್ತಿತ್ತು ಅಂತ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ” ಎಂದರು.

ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತೆ. ಬಿಡುಗಡೆಯಾದಂತೆ ಅನಿಸಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಆ ಕ್ಷಣವನ್ನು ನಿನಗೆ ಹೇಳಿಬಿಡುವುದು ಸರಿ ಎನಿಸಿತು.

ನಿನ್ನ ದನಿ ಮರೆಯುತ್ತಿದೆ ಅಕ್ಕ. ಬೈಯುವಾಗಿನದು ನೆನಪಿದೆ. ಸುಮ್ಮನೆ ಏನಾದರೂ ಹೇಳುವಾಗಿನದು, ದಾರ ಎಲ್ಲಿಟ್ಟೆ ಎಂದು ಕೇಳುವಾಗಿನದು, ಅದು ಸಿಗುತ್ತಿಲ್ಲ. ಮೊನ್ನೆ ಕಪಾಟಿನಲ್ಲಿ ಬೆನ್ನು ಬಿಟ್ಟ ಹಳೆಯ ರಿಜಿಸ್ಟರೊಂದನ್ನು ಎತ್ತಿಕೊಂಡು ಮೂಸಿ ನೋಡಿದೆ. ಒಣಗಿದ ಅಂಟಿನ ವಾಸನೆ. ಪಕ್ಕದ ಹುಡುಗಿ ವಿಚಿತ್ರವಾಗಿ ನೋಡಿದಳು.

ಔಷಧಿ ಶುರುವಾಯಿತೇ? ಇಷ್ಟನ್ನಾದರೂ ಹೇಳು.

ಚೀಟಿ


16 ಮೇ

ಅಕ್ಕ,

ನಿನ್ನ ಊರಿನ ಅಂಚೆ ಕಚೇರಿಗೆ ಬರೆದೆ. ಹೋದ ವರ್ಷ ಬರೆಯಬೇಕಾಗಿದ್ದ ಕಾಗದ. ‘ಸದರಿಯವರು ಹೊಸ ವಿಳಾಸದಲ್ಲಿ ವಾಸವಾಗಿದ್ದು ಟಪಾಲನ್ನು ತಾವೇ ಸ್ವೀಕರಿಸುತ್ತಾರೆ’ ಎಂದು ಉತ್ತರ ಬಂತು. ಅಂಚೆಯ ಪೆದ್ದು ಭಾಷೆ. ಹತ್ತು ಸಲ ಓದಿದೆ. ತಾವೇ ಸ್ವೀಕರಿಸುತ್ತಾರೆ.

ಬರೆಯದಿದ್ದರೂ ಸರಿ. ಸ್ವೀಕರಿಸುತ್ತಿರು.

ಚೀಟಿ


3 ಜೂನ್

ಚೀಟಿ,

ಅಂಚೆಯವನು ಬಂದು “ಯಾರೋ ನೀವು ಬದುಕಿದ್ದೀರಾ ಅಂತ ಕೇಳಿದ್ದಾರೆ, ಏನು ಹೇಳಲಿ?” ಎಂದ. “ನಿನಗೆ ಏನನ್ನಿಸುತ್ತೆ?” ಎಂದೆ. ಮೇಲಿಂದ ಕೆಳಗೆ ನೋಡಿ, “ಇದ್ದೀರಿ ಅಂತಲೇ ಬರೀತೀನಿ” ಎಂದ. ಅವನಾದರೂ ನೋಡಿ ಬರೆದ.

ಹತ್ತಿರ ಹತ್ತಿರ ಮೂರು ತಿಂಗಳು ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅದಕ್ಕೇ ಬರೆಯಲಿಲ್ಲ, ಸುಸ್ತಾಗಿ ಅಲ್ಲ. ನೀನು ಆ ಅಧ್ಯಯನದ ಕಥೆ ಬರೆದ ದಿನ ಸಿಟ್ಟು ಇನ್ನೂ ಹೆಚ್ಚಾಯಿತು. ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ಇಲ್ಲಿಯವರೂ ಅದನ್ನೇ ಹೇಳಿದರು. ಆದರೆ ನಿನ್ನ ತಪ್ಪಿನಿಂದ ನನಗೆ ನಷ್ಟವಾಗಲಿಲ್ಲ ಎಂದ ಮಾತ್ರಕ್ಕೆ ಅದು ತಪ್ಪಲ್ಲ ಎಂದು ಆಗುತ್ತದಾ? ಎಂಟು ತಿಂಗಳು ಪ್ರತಿದಿನ ಟಪಾಲು ನೋಡಿದ್ದೇನೆ. ಆಸ್ಪತ್ರೆ ಕರೆಯಲಿ ಎಂದಲ್ಲ. ಹಳದಿ ಕಾರ್ಡಿನ ಮೇಲೆ ವಿಳಾಸ ಬರೆದಿರುವುದು ನಿನ್ನ ಅಕ್ಷರದಲ್ಲಿ. ಬರೆಯಬೇಡ ಎಂದು ಹೇಳಿ ಬಂದವಳಿಗೆ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಬರುತ್ತಿದ್ದ ನಿನ್ನ ಕಾಗದ ಅದೊಂದೇ. ಅದು ನಿಂತಾಗ ನೀನೇ ನಿಲ್ಲಿಸಿದೆ ಎಂದುಕೊಂಡೆ. ಸಾಕಾಯಿತು ಇವಳಿಗೆ, ಎಂದುಕೊಂಡೆ. ಎದುರು ಸಾಲಿಗೆ ಬಂದದ್ದು ಅಂಚೆಗೆ ತಿಳಿಸಬೇಕೆಂದು ನನಗೂ ಹೊಳೆಯಲಿಲ್ಲ. ಬೀದಿ ದಾಟಿದರೆ ನೀನು ನನ್ನನ್ನು ಕಳೆದುಕೊಳ್ಳುತ್ತೀ ಎಂದು ಯಾರು ತಿಳಿದಿದ್ದರು?

ಆ ವರ್ಷ ಒಳ್ಳೆಯದಿತ್ತು ಎಂದು ಬರೆದಿದ್ದೆನಲ್ಲ. ಕಾರ್ಡು ತಡೆದು, ಔಷಧಿಯಿಲ್ಲದ ಆ ವರ್ಷವನ್ನು ನೀನು ನನಗೆ ಕೊಟ್ಟೆ ಎಂದು ಹೇಳಿಕೊಂಡು ನೋಡಿದೆ. ಮುಂದಿನ ವರ್ಷಗಳನ್ನು ನೀನು ಕಿತ್ತುಕೊಂಡೆ ಎಂದೂ ಹೇಳಿಕೊಂಡು ನೋಡಿದೆ. ಎರಡೂ ನಿಲ್ಲಲಿಲ್ಲ. ಪುಸ್ತಕ ಹೊಲಿದವಳು ನಾನು, ಅಷ್ಟು ಮಾತ್ರ ನಿಂತಿತು.

ಔಷಧಿ ಶುರುವಾಗಿ ಎರಡು ಸುತ್ತು ಆಯಿತು. ನೀನು ಹೇಳಿದ ಹಾಗೆ, ಪುಸ್ತಕ ಹೊಲಿಯುವವಳು ಎಂದು ಹೇಳಿದೆ. ಇಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವಳು, ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ ಜೊತೆಯ ಔಷಧಿ ಬದಲಾಯಿಸಿದಳು. ಬೆರಳು ಇದೆ. ಬಾಯಿ ಹುಣ್ಣಾಗಿದೆ, ಅಂಗೈ ಕೆಂಪಾಗಿ ಸುಲಿಯುತ್ತದೆ. ಹೊಟ್ಟೆಯ ನೀರು ತೆಗೆದ ಮೇಲೆ ಮತ್ತೆ ತುಂಬಿಲ್ಲ. ಆರುನೂರು ಇನ್ನೂರ ಇಪ್ಪತ್ತಾಗಿದೆ. “ಇದು ವಾಸಿಯಾಗುತ್ತಾ?” ಎಂದು ಕೇಳಿದೆ. “ಪೂರ್ತಿ ಹೋಗಲ್ಲ ಅಮ್ಮ. ದೂರ ಇಡೋಕೆ ನೋಡ್ತೀವಿ” ಎಂದಳು. ಎಷ್ಟು ದೂರ, ಎಷ್ಟು ದಿನ ಎಂದು ಕೇಳಲಿಲ್ಲ. ಅದನ್ನು ಕೇಳುವ ಅಭ್ಯಾಸ ನಿನ್ನದು.

ನಿನ್ನಲ್ಲಿಗೆ ಬರುವುದಿಲ್ಲ. ಚಿಕಿತ್ಸೆ ಇಲ್ಲೇ. ನಿನ್ನ ರಿಜಿಸ್ಟರಿನಲ್ಲಿ ನನ್ನ ಮುಂದೆ ಏನು ಬರೆಯಬೇಕೋ ಬೇರೆ ಯಾರಾದರೂ ಬರೆಯಲಿ.

ಕೀಮೋ ಕೊಡುವ ಕೋಣೆಯಲ್ಲಿ ಪ್ರತಿ ಸಲ ಒಂದು ಹಾಳೆ ತುಂಬಿಸಿಕೊಳ್ಳುತ್ತಾರೆ. ಜೊತೆಗೆ ಯಾರು ಬರುತ್ತಾರೆ ಎಂಬಲ್ಲಿ ಎರಡು ಸಲವೂ ಗೆರೆ ಎಳೆದೆ. ನರ್ಸು ಎರಡು ಸಲವೂ ಬೈದಳು. “ಐದು ಗಂಟೆ ಡ್ರಿಪ್ ಹಾಕ್ಕೊಂಡು ಒಬ್ಬರೇ ಹೋಗ್ತೀನಿ ಅಂದ್ರೆ ಹೇಗಮ್ಮ? ನಿಮಗೆ ಅಂತ ಯಾರೂ ಇಲ್ವಾ?” ಎಂದು ಎಲ್ಲರೆದುರಿಗೆ ಕೇಳಿದಳು.

ಮೂರನೆಯ ಸುತ್ತು ಹತ್ತೊಂಬತ್ತನೆಯ ತಾರೀಖು, ಗುರುವಾರ, ಬೆಳಿಗ್ಗೆ ಎಂಟೂವರೆಗೆ. ಆ ದಿನದ ಹಾಳೆಯನ್ನು ನಿನ್ನೆಯೇ ತುಂಬಿ ಕೊಟ್ಟು ಬಂದೆ. ಗೆರೆ ಎಳೆಯಲಿಲ್ಲ. ತಂಗಿ ಎಂದು ಬರೆದೆ. ಖಂಡಿತ ಬರುತ್ತಾಳಾ ಎಂದು ನರ್ಸು ಕೇಳಿದಳು. ಬರುತ್ತಾಳೆ ಎಂದು ಸಹಿ ಮಾಡಿದೆ, ನಿನ್ನನ್ನು ಒಂದು ಮಾತೂ ಕೇಳದೆ.

ನೀನು ಬಾರದಿದ್ದರೆ ನಾನೂ ನಿನ್ನಂಥವಳೇ ಆಗುತ್ತೇನೆ.

ಅಕ್ಕ